ಚೀಟಿಯೊಳಗಿನ ಸಂಖ್ಯೆ

ಹಾಸನದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದ ಬಾಗಿಲಿಗೆ ಎರಡು ಕಾವಲು ಕಂಬಗಳು ಬಂದು ಎರಡು ತಿಂಗಳೂ ಆಗಿರಲಿಲ್ಲ. ಆಲೂರು ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ದ್ವಿತೀಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಆ ಕಂಬಗಳ ನಡುವೆ ಹೆಜ್ಜೆಯಿಟ್ಟ ಕೂಡಲೇ ಕೆಂಪು ದೀಪ ಹೊತ್ತಿ ಗಂಟೆ ಕೂಗಿತು. ಓದುತ್ತ ಕುಳಿತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಕಾವಲಿನವರು ಅವಳ ಚೀಲವನ್ನು ಎಲ್ಲರೆದುರಿಗೇ ಮೇಜಿನ ಮೇಲೆ ಬರಿದು ಮಾಡಿಸಿದರು: ಊಟದ ಡಬ್ಬಿ, ಬಸ್ ಪಾಸು, ಎರಡು ಪುಸ್ತಕಗಳು. ಹತ್ತು ನಿಮಿಷದ ಹಿಂದೆ ನಾನೇ ಅವುಗಳನ್ನು ಅವಳಿಗೆ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ನೋಡಿದರೆ ಎರಡೂ ಅವಳ ಹೆಸರಿನಲ್ಲಿಯೇ ಇದ್ದವು. ಅಷ್ಟು ಹೊತ್ತಿಗೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಆದದ್ದಿಷ್ಟು. ಪುಸ್ತಕಕ್ಕೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗಿನಲ್ಲಿ, ಅಂದರೆ ರೇಡಿಯೋ ಅಲೆಗಳಿಂದ ಮುಟ್ಟದೆಯೇ ಓದಬಹುದಾದ ಚೀಟಿಯಲ್ಲಿ, ಪುಸ್ತಕದ ಸಂಖ್ಯೆಯ ಜೊತೆಗೆ ಒಂದು ಸಣ್ಣ ಕಾವಲು ಗುರುತೂ ಇರುತ್ತದೆ. ಪುಸ್ತಕವನ್ನು ಓದುಗರಿಗೆ ಕೊಡುವಾಗ ಮೇಜಿನ ಮೇಲಿನ ರೀಡರ್, ಅಂದರೆ ಟ್ಯಾಗನ್ನು ಓದುವ ಯಂತ್ರ, ಎರಡು ಕೆಲಸಗಳನ್ನು ಮಾಡಬೇಕು: ಕಂಪ್ಯೂಟರಿನ ಕಡತದಲ್ಲಿ ಆ ಪುಸ್ತಕವನ್ನು ಓದುಗರ ಹೆಸರಿಗೆ ಬರೆಯಿಸಬೇಕು, ಆಮೇಲೆ ಟ್ಯಾಗಿನಲ್ಲಿರುವ ಗುರುತನ್ನು 'ಹೊರಗೆ ಹೋಗಬಹುದು' ಎಂದು ಬದಲಾಯಿಸಬೇಕು. ಬಾಗಿಲ ಕಂಬಗಳು ನೋಡುವುದು ಈ ಎರಡನೆಯದನ್ನು ಮಾತ್ರ. ಕಡತದಲ್ಲಿ ಏನು ಬರೆದಿದೆ ಎಂಬುದು ಅವುಗಳಿಗೆ ಗೊತ್ತಿಲ್ಲ. ನಾನು ಎರಡು ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು, ಪರದೆಯ ಮೇಲೆ ಎರಡೂ ಹೆಸರುಗಳು ಮೂಡಿದ ಕೂಡಲೇ ಎತ್ತಿ ಅವಳ ಕೈಗೆ ಕೊಟ್ಟಿದ್ದೆ. ಒಂದರ ಗುರುತು ಬದಲಾಗುವ ಮೊದಲೇ ಆ ಪುಸ್ತಕ ರೀಡರಿನ ಅಳವಿನಿಂದ ಹೊರಗೆ ಬಂದಿತ್ತು. ತಪ್ಪು ನನ್ನ ಅವಸರದ್ದು, ಅವಮಾನ ಅವಳದ್ದು. ಅಂದೇ ಅವಳ ಕ್ಷಮೆ ಕೇಳಿದೆ. ಮರುದಿನವೇ ಒಂದು ನಿಯಮ ಮಾಡಿಕೊಂಡೆವು. ಗಂಟೆ ಕೂಗಿದರೆ ಯಾರ ಚೀಲವನ್ನೂ ತೆರೆಸುವಂತಿಲ್ಲ. ಪುಸ್ತಕವನ್ನು ಮಾತ್ರ ಕೇಳಿ ಪಡೆದು ರೀಡರಿನ ಮೇಲಿಟ್ಟು ನೋಡಬೇಕು, ತಪ್ಪು ನಮ್ಮದಾಗಿದ್ದರೆ ಅದನ್ನು ಎಲ್ಲರಿಗೂ ಕೇಳುವಂತೆಯೇ ಹೇಳಬೇಕು.

ಈ ತಂತ್ರಜ್ಞಾನವನ್ನು ನಾವೆಲ್ಲ ದಿನಕ್ಕೆ ಎಷ್ಟೋ ಬಾರಿ ಬಳಸುತ್ತೇವೆ, ಹೆಸರು ಗೊತ್ತಿಲ್ಲದೆಯೂ ಬಳಸುತ್ತೇವೆ. ಆದರೆ ಟ್ಯಾಗು ತಾನಾಗಿ ಏನನ್ನೂ ತಿಳಿದುಕೊಂಡಿರುವುದಿಲ್ಲ ಎಂಬ ಮಾತನ್ನು ಹೇಳುವವರು ಕಡಿಮೆ. ಅದರಲ್ಲಿರುವುದು ಬಹುಮಟ್ಟಿಗೆ ಒಂದು ಸಂಖ್ಯೆ. ಆ ಸಂಖ್ಯೆ ಯಾವ ಪುಸ್ತಕದ್ದು, ಯಾವ ಕಾರಿನದ್ದು, ಯಾವ ಹಸುವಿನದ್ದು ಎಂಬುದನ್ನು ಬೇರೆಲ್ಲೋ ಇರುವ ಒಂದು ಕಡತ ಹೇಳುತ್ತದೆ, ಆ ಕಡತವನ್ನು ಯಾರೋ ಒಬ್ಬರು ಬರೆದಿರುತ್ತಾರೆ. ಪರಿಗ್ರಹಣ ವಹಿಯಲ್ಲಿ, ಅಂದರೆ ನಾವು ಅಕ್ಸೆಷನ್ ರಿಜಿಸ್ಟರ್ ಎನ್ನುವ, ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಕೊಟ್ಟು ಬರೆದಿಡುವ ಆ ದಪ್ಪ ಪುಸ್ತಕದಲ್ಲಿ, ವರ್ಷಗಟ್ಟಲೆ ಕೈಯಾರೆ ಸಂಖ್ಯೆಗಳನ್ನು ಬರೆದವರಿಗೆ ಇದು ಹೊಸ ವಿಷಯವಲ್ಲ.

ಟ್ಯಾಗಿನ ಒಳಗೆ ಏನಿದೆ ಎಂದು ವಿದ್ಯಾರ್ಥಿಗಳು ಕೇಳಿದಾಗ, ಹಾಳಾದ ಒಂದನ್ನು ಬೆಳಕಿಗೆ ಹಿಡಿದು ತೋರಿಸುತ್ತೇನೆ. ಅಂಗೈಗಿಂತ ಚಿಕ್ಕದಾದ ಚೌಕದ ಅಂಚಿನಲ್ಲಿ ಸುತ್ತುಸುತ್ತಾಗಿ ಹೋಗಿರುವ ಲೋಹದ ಗೆರೆ ಅದರ ಆಂಟೆನಾ. ಒಂದು ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಕಾಣುವ ಚುಕ್ಕೆಯೇ ಚಿಪ್. ಬ್ಯಾಟರಿ ಇಲ್ಲ. ರೀಡರ್ ತನ್ನ ಸುತ್ತ ಕಾಂತಕ್ಷೇತ್ರವೊಂದನ್ನು ಎಬ್ಬಿಸಿದಾಗ, ಹತ್ತಿರ ಬಂದ ಟ್ಯಾಗಿನ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅಷ್ಟರಿಂದಲೇ ಚಿಪ್ ಎಚ್ಚರಗೊಂಡು, ತಾನು ಎಳೆದುಕೊಳ್ಳುವ ಶಕ್ತಿಯನ್ನು ಒಂದು ಲಯದಲ್ಲಿ ಹೆಚ್ಚು ಕಡಿಮೆ ಮಾಡುತ್ತದೆ. ಆ ಏರಿಳಿತವನ್ನು ರೀಡರ್ ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಪುಸ್ತಕ, ಮೆಟ್ರೋ ಕಾರ್ಡು, ಬ್ಯಾಂಕಿನ ಕಾರ್ಡುಗಳೆಲ್ಲ 13.56 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಹೀಗೆ ಕೆಲಸ ಮಾಡುತ್ತವೆ. ಹೆದ್ದಾರಿಯ ಫಾಸ್ಟ್ಯಾಗಿನ ಬಗೆ ಸ್ವಲ್ಪ ಬೇರೆ. ಅದು 865ರಿಂದ 867 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು ಬಳಸುತ್ತದೆ ಮತ್ತು ತನ್ನ ಮೇಲೆ ಬಿದ್ದ ಅಲೆಯನ್ನೇ ಪ್ರತಿಫಲಿಸಿ ಉತ್ತರ ಕೊಡುತ್ತದೆ. ಬಿಸಿಲಿಗೆ ಕನ್ನಡಿ ಹಿಡಿದು ಎದುರು ಗೋಡೆಯ ಮೇಲೆ ಬೆಳಕು ಕುಣಿಸಿದ ಬಾಲ್ಯ ಯಾರಿಗಿಲ್ಲ? ಬೆಳಕು ನಮ್ಮದಲ್ಲ, ಕುಣಿತ ಮಾತ್ರ ನಮ್ಮದು. ಕೆಲವು ಮೀಟರುಗಳ ದೂರದಿಂದಲೇ ಫಾಸ್ಟ್ಯಾಗನ್ನು ಓದಲಾಗುವುದು ಈ ಕಾರಣಕ್ಕೆ.

ಈ ವಿಚಾರ ಹಳೆಯದು. ಪ್ರತಿಫಲಿಸಿದ ಶಕ್ತಿಯಿಂದಲೇ ಸಂದೇಶ ಕಳುಹಿಸುವ ಬಗೆಯನ್ನು ಹ್ಯಾರಿ ಸ್ಟಾಕ್‌ಮನ್ 1948ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಅದಕ್ಕೂ ಮೊದಲು, 1945ರಲ್ಲಿ, ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಸೋವಿಯತ್ ಮಕ್ಕಳ ಕಡೆಯಿಂದ ಮರದಲ್ಲಿ ಕೆತ್ತಿದ ಲಾಂಛನವೊಂದು ಉಡುಗೊರೆಯಾಗಿ ಬಂದಿತ್ತು. ಅದರೊಳಗೆ ಲಿಯಾನ್ ತೆರೆಮಿನ್ ರೂಪಿಸಿದ, ಬ್ಯಾಟರಿಯಿಲ್ಲದ ಗೂಢಚಾರಿಕೆಯ ಸಾಧನವಿತ್ತು. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದು ಜೀವ ತಳೆದು ಕೋಣೆಯ ಮಾತುಗಳನ್ನು ಹೊರಗೆ ದಾಟಿಸುತ್ತಿತ್ತು. ಅದು ಪತ್ತೆಯಾಗಲು ವರ್ಷಗಳೇ ಹಿಡಿದವು. ಇಂದಿನ ಟ್ಯಾಗುಗಳ ಪೂರ್ವಜರಲ್ಲಿ ಅದೂ ಒಂದು ಎಂಬುದನ್ನು ನಾನು ಮರೆಯುವುದಿಲ್ಲ.

ನಮ್ಮ ಗ್ರಂಥಾಲಯದ ಕೆಲಸಕ್ಕೆ ಮರಳುತ್ತೇನೆ, ಏಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ. ಟ್ಯಾಗು ಅಂಟಿಸುವುದು ಸುಲಭವಾಗಿ ಕಂಡರೂ ಅದೊಂದು ತಾಳ್ಮೆಯ ಕೆಲಸ. ಹಿಂಬದಿಯ ರಟ್ಟಿನ ಒಳಮೈಯಲ್ಲಿ ಅದನ್ನು ಅಂಟಿಸುತ್ತೇವೆ. ಎಲ್ಲ ಪುಸ್ತಕಗಳಿಗೂ ಒಂದೇ ಎತ್ತರದಲ್ಲಿ ಅಂಟಿಸಿದರೆ, ಕಪಾಟಿನಲ್ಲಿ ಅಕ್ಕಪಕ್ಕ ನಿಂತ ತೆಳುವಾದ ಪುಸ್ತಕಗಳ ಟ್ಯಾಗುಗಳು ಒಂದರ ಮೇಲೊಂದು ಬಂದು, ಒಂದರ ಸುರುಳಿ ಇನ್ನೊಂದರ ಶ್ರುತಿಯನ್ನು ಕೆಡಿಸಿ, ಎರಡನ್ನೂ ಓದಲಾಗದೆ ಹೋಗುತ್ತದೆ. ಆದ್ದರಿಂದ ಒಂದಕ್ಕೆ ಮೇಲೆ, ಮುಂದಿನದಕ್ಕೆ ನಡುವೆ, ಅದರ ಮುಂದಿನದಕ್ಕೆ ಕೆಳಗೆ ಎಂದು ಜಾಗ ಬದಲಿಸುತ್ತ ಹೋಗಬೇಕು. ಹೊಳೆಯುವ ಲೋಹದ ಹಾಳೆಯ ಹೊದಿಕೆಯಿದ್ದ ಕೆಲವು ಸ್ಮರಣ ಸಂಚಿಕೆಗಳು ಏನು ಮಾಡಿದರೂ ಸಂಖ್ಯೆ ಕೊಡಲಿಲ್ಲ. ಕಬ್ಬಿಣದ ಕಪಾಟಿನ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತ ಕೊನೆಯ ಪುಸ್ತಕವಂತೂ ಕೈರೀಡರಿಗೆ ಆಗಾಗ ಕಾಣುವುದೇ ಇಲ್ಲ. ಅದನ್ನು ಹೊರಗೆಳೆದೇ ತೋರಿಸಬೇಕು.

ಇವೆಲ್ಲ ತಾಂತ್ರಿಕ ತೊಡಕುಗಳು, ಕಲಿತರೆ ನೀಗುತ್ತವೆ. ಕಷ್ಟವಾದದ್ದು ಸಂಖ್ಯೆಯನ್ನು ಪುಸ್ತಕಕ್ಕೆ ಸರಿಯಾಗಿ ಜೋಡಿಸುವುದು. ಒಬ್ಬರು ಪಟ್ಟಿಯಿಂದ ಪರಿಗ್ರಹಣ ಸಂಖ್ಯೆಯನ್ನು ಓದಿ ಹೇಳುವುದು, ಇನ್ನೊಬ್ಬರು ಟ್ಯಾಗಿಗೆ ಬರೆಯಿಸುವುದು, ಮೂರನೆಯವರು ಅಂಟಿಸುವುದು ಎಂದು ಮೊದಲು ಕೆಲಸ ಹಂಚಿಕೊಂಡಿದ್ದೆವು. ಒಂದು ವಾರ ಕಳೆದ ಮೇಲೆ ಪರೀಕ್ಷಿಸಿ ನೋಡಿದರೆ, ಒಂದು ಕಪಾಟಿನ ಅರ್ಧದಿಂದಾಚೆಗೆ ಎಲ್ಲ ಸಂಖ್ಯೆಗಳೂ ಒಂದು ಸ್ಥಾನ ಮುಂದಕ್ಕೆ ಸರಿದಿದ್ದವು. ನಡುವೆ ಒಂದು ಪುಸ್ತಕ ಓದುಗರ ಬಳಿ ಇದ್ದು, ಅದರ ಸಂಖ್ಯೆಯನ್ನು ಬಿಡಬೇಕಾದಲ್ಲಿ ಯಾರೂ ಬಿಟ್ಟಿರಲಿಲ್ಲ. ವ್ಯಾಕರಣದ ಪುಸ್ತಕ ರೀಡರಿನ ಕಣ್ಣಿಗೆ ಛಂದಸ್ಸಿನ ಪುಸ್ತಕವಾಗಿತ್ತು, ಛಂದಸ್ಸು ಶಾಸನಶಾಸ್ತ್ರವಾಗಿತ್ತು. ಯಂತ್ರ ಒಂದೇ ಒಂದು ಸಲವೂ ಎಚ್ಚರಿಸಲಿಲ್ಲ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ಪುಸ್ತಕವನ್ನು ಕೈಯಲ್ಲಿ ಹಿಡಿದವರೇ ಸಂಖ್ಯೆ ಬರೆಯಿಸಿ, ಅಂಟಿಸಿ, ಮತ್ತೆ ಓದಿಸಿ, ಪರದೆಯ ಮೇಲೆ ಮೂಡಿದ ಹೆಸರನ್ನು ಮುಖಪುಟದೊಂದಿಗೆ ಹೋಲಿಸಿ ಮುಂದೆ ಹೋಗಬೇಕೆಂದು ಗೊತ್ತುಮಾಡಿದೆವು. ನಿಧಾನವಾಯಿತು, ಆದರೆ ಮತ್ತೆ ಹಾಗಾಗಲಿಲ್ಲ. ಪ್ರತಿಫಲವೂ ದೊಡ್ಡದೇ. ಹಿಂದೆ ಬೇಸಿಗೆ ರಜೆಯನ್ನೆಲ್ಲ ನುಂಗುತ್ತಿದ್ದ ದಾಸ್ತಾನು ಪರಿಶೀಲನೆ ಈಗ ಕೈರೀಡರನ್ನು ಕಪಾಟಿನುದ್ದಕ್ಕೂ ಆಡಿಸಿಕೊಂಡು ಹೋಗುವ ಕೆಲವು ದಿನಗಳ ಕೆಲಸವಾಗಿದೆ. ಹಲವು ವರ್ಷ 'ಕಳೆದಿದೆ' ಎಂದೇ ನಮೂದಾಗಿದ್ದ ಹಳೆಯ ನಿಘಂಟಿನ ಸಂಪುಟವೊಂದು ಟ್ಯಾಗು ಅಂಟಿಸುವ ಆ ಸುತ್ತಿನಲ್ಲಿಯೇ ಪಶುವೈದ್ಯಕೀಯ ಪುಸ್ತಕಗಳ ಹಿಂದಿನ ಸಾಲಿನಲ್ಲಿ ಸಿಕ್ಕಾಗ ನನಗಾದ ಸಂತೋಷವನ್ನು ಹೇಳಲಾರೆ.

ಕಡತವನ್ನು ತಿದ್ದದೆ ಬಿಟ್ಟರೆ ಏನಾಗುತ್ತದೆ ಎಂಬುದು ನನ್ನ ಮನೆಗೇ ಬಂದು ಮುಟ್ಟಿದ ಪ್ರಸಂಗ ಇನ್ನೊಂದಿದೆ. ನಮ್ಮ ಹಳೆಯ ಕಾರನ್ನು ಅರಸೀಕೆರೆಯ ಪರಿಚಿತರೊಬ್ಬರಿಗೆ ಮಾರಿದಾಗ ಕಾಗದಪತ್ರಗಳನ್ನೆಲ್ಲ ವರ್ಗಾಯಿಸಿದೆವು, ಗಾಜಿಗಂಟಿದ ಫಾಸ್ಟ್ಯಾಗನ್ನು ಮಾತ್ರ ಮರೆತೆವು. ಕೆಲವು ವಾರಗಳ ನಂತರ, ನಾನು ಗ್ರಂಥಾಲಯದಲ್ಲಿ ಕುಳಿತಿದ್ದಾಗಲೇ, ಹಾಸನದ ಹತ್ತಿರದ ಶಾಂತಿಗ್ರಾಮದ ಟೋಲ್ ದಾಟಿದ್ದಕ್ಕೆ ನನ್ನ ಖಾತೆಯಿಂದ ಹಣ ಕಡಿತವಾಗಿದೆ ಎಂಬ ಸಂದೇಶ ಬಂತು. ಸಂಜೆ ಹಿಂದಿರುಗಿದ ಕಾರಿಗೆ ಇನ್ನೊಂದು. ಮೊದಲು ಗಾಬರಿಯಾಯಿತು, ಯಾರೋ ಮೋಸ ಮಾಡುತ್ತಿದ್ದಾರೆ ಎಂದೇ ಭಾವಿಸಿದೆ. ಯಾರೂ ಮೋಸ ಮಾಡಿರಲಿಲ್ಲ. ಟೋಲಿನ ಮೇಲ್ಚಾವಣಿಯ ರೀಡರ್ ಟ್ಯಾಗಿನ ಸಂಖ್ಯೆಯನ್ನು ಓದಿ ಮುಂದಕ್ಕೆ ಕಳುಹಿಸಿತ್ತು. ಅದು ರಾಷ್ಟ್ರೀಯ ಪಾವತಿ ನಿಗಮದ ವ್ಯವಸ್ಥೆಯ ಮೂಲಕ ಟ್ಯಾಗು ಕೊಟ್ಟ ಬ್ಯಾಂಕನ್ನು ತಲುಪಿ, ಅಲ್ಲಿನ ಕಡತದಲ್ಲಿ ಆ ಸಂಖ್ಯೆಯ ಮುಂದೆ ನನ್ನ ಹೆಸರೇ ಇದ್ದುದರಿಂದ ನನ್ನ ಹಣ ಹೋಗಿತ್ತು. ಹಣವಿರುವುದು ಟ್ಯಾಗಿನಲ್ಲಲ್ಲ, ಆ ಕಡತಕ್ಕೆ ಕಟ್ಟಿದ ಖಾತೆಯಲ್ಲಿ. ಕಾರು ಮಾರುವವರು ಟ್ಯಾಗನ್ನು ಕಿತ್ತು ಬಿಸಾಡಿದರೆ ಸಾಲದು, ಬ್ಯಾಂಕಿಗೆ ತಿಳಿಸಿ ಅದನ್ನು ಮುಚ್ಚಿಸಬೇಕು ಎಂದು ಆಗ ತಿಳಿಯಿತು. ಆ ಪರಿಚಿತರು ಪ್ರತಿಯೊಂದು ರೂಪಾಯಿಯನ್ನೂ ಲೆಕ್ಕ ಹಾಕಿ ಮರಳಿಸಿದರು. ಅವರಿಗೆ ನಾನು ಋಣಿ.

2021ರ ಫೆಬ್ರವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಎಲ್ಲ ಟೋಲ್ ದ್ವಾರಗಳಲ್ಲಿಯೂ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದರ ಮರುವರ್ಷ, ಕೈಗಡಿಯಾರ ಕಟ್ಟಿಕೊಂಡ ಹುಡುಗನೊಬ್ಬ ಕಾರಿನ ಗಾಜು ಒರೆಸುವ ನೆಪದಲ್ಲಿ ಫಾಸ್ಟ್ಯಾಗಿನಿಂದ ಹಣ ಕದಿಯುತ್ತಾನೆ ಎಂಬ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು; ಅದು ಸುಳ್ಳೆಂದು ಪಾವತಿ ನಿಗಮವೇ ಸ್ಪಷ್ಟಪಡಿಸಿತು. ನೋಂದಾಯಿತ ಸಂಸ್ಥೆಗಳಲ್ಲದೆ ಬೇರೆಯವರು ಆ ವ್ಯವಸ್ಥೆಯಲ್ಲಿ ಹಣ ಕೇಳುವುದಕ್ಕೇ ಅವಕಾಶವಿಲ್ಲ. ಸಂಖ್ಯೆ ಗೊತ್ತಾದ ಮಾತ್ರಕ್ಕೆ ಖಜಾನೆ ತೆರೆಯುವುದಿಲ್ಲ.

ನಮ್ಮ ತಂದೆಗೆ ಈ ಸಂಖ್ಯೆಗಳ ಮೇಲೆ ಅಷ್ಟು ವಿಶ್ವಾಸವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಸುಳಿ ನೋಡಿ, ಹಲ್ಲು ಎಣಿಸಿ, ಕೊಂಬಿನ ತಿರುವು ಅಳೆದು ಹಳ್ಳಿಕಾರ್ ಎತ್ತುಗಳನ್ನು ಕೊಂಡವರು ಅವರು. ಹಟ್ಟಿಯಲ್ಲಿ ಕತ್ತಲಲ್ಲಿಯೂ ಉಸಿರಿನಿಂದಲೇ ಯಾವ ಹಸು ಎಂದು ಹೇಳಬಲ್ಲರು. ಈಗ ನಮ್ಮ ಎರಡು ಹಸುಗಳ ಕಿವಿಯಲ್ಲೂ ಹಳದಿ ಓಲೆಗಳಿವೆ. ಅವು ಆರ್‌ಎಫ್‌ಐಡಿ ಎಂದು ಅನೇಕರು ತಿಳಿದಿದ್ದಾರೆ, ಆದರೆ ಅಲ್ಲ. ಅದು 12 ಅಂಕಿಗಳ ಪಶು ಆಧಾರ್ ಸಂಖ್ಯೆಯನ್ನು ಬಾರ್‌ಕೋಡಿನೊಂದಿಗೆ ಅಚ್ಚುಹಾಕಿದ ಪ್ಲಾಸ್ಟಿಕ್ ಓಲೆ; ಕಣ್ಣಿಂದ ಓದಬೇಕು ಅಥವಾ ಬಾರ್‌ಕೋಡ್ ಹಿಡಿದು ಓದಬೇಕು. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ವಿಮೆ ಎಲ್ಲವೂ ಆ ಸಂಖ್ಯೆಯ ಹೆಸರಿನಲ್ಲಿಯೇ ನಮೂದಾಗುತ್ತವೆ. ಸಗಣಿ ಮೆತ್ತಿದರೆ ಓದಲಾಗುವುದಿಲ್ಲ, ಬೇಲಿಗೆ ಸಿಕ್ಕಿ ಕಿವಿ ಹರಿದರೆ ಸಂಖ್ಯೆಯೇ ಹೋಗುತ್ತದೆ.

ಪ್ರಾಣಿಗಳಿಗೆ ಬಳಸುವ ನಿಜವಾದ ಆರ್‌ಎಫ್‌ಐಡಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಕೊಳವೆಯೊಳಗೆ ಇರುತ್ತದೆ, ಅಥವಾ ಗುಂಡಿಯಂತಹ ಓಲೆಯೊಳಗೆ. ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಅದರಲ್ಲಿ 15 ಅಂಕಿಗಳ ಸಂಖ್ಯೆಯಿದ್ದು, ದೇಶದ ಸಂಕೇತವಿದ್ದಲ್ಲಿ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ, ಭಾರತದ್ದು 356. ಅದು 134.2 ಕಿಲೋಹರ್ಟ್ಸ್‌ನಷ್ಟು ಕಡಿಮೆ ಕಂಪನಾಂಕದಲ್ಲಿ ಕೆಲಸ ಮಾಡುವುದಕ್ಕೆ ಕಾರಣವಿದೆ. ಪ್ರಾಣಿಯ ಮೈಯೆಂದರೆ ಬಹುಪಾಲು ನೀರು. ಫಾಸ್ಟ್ಯಾಗಿನಂತಹ ಹೆಚ್ಚಿನ ಕಂಪನಾಂಕದ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ಕಡಿಮೆ ಕಂಪನಾಂಕದ ಕಾಂತಕ್ಷೇತ್ರ ಮಾತ್ರ ಮಾಂಸದೊಳಗೂ ಹಾಯುತ್ತದೆ. ಸಾಕುನಾಯಿಗಳ ಭುಜಗಳ ನಡುವೆ ಚರ್ಮದಡಿಯಲ್ಲಿ ಸೂಜಿಯಿಂದ ಸೇರಿಸುವುದು ಇದನ್ನೇ. ಮೂಡಿಗೆರೆಯ ಬೆಳೆಗಾರರೊಬ್ಬರು ಕಾಫಿ ಚೀಲಗಳಿಗೆ ದೂರದಿಂದ ಓದಬಲ್ಲ ಟ್ಯಾಗು ಹಾಕಬಹುದೇ ಎಂದು ನನ್ನನ್ನು ಕೇಳಿದ್ದರು. ಚೆನ್ನಾಗಿ ಒಣಗಿದ ಬೀಜದ ಚೀಲಕ್ಕೆ ಹಾಕಿ ನೋಡಬಹುದು. ಈಗಷ್ಟೇ ಕೊಯ್ದ ಹಸಿ ಹಣ್ಣಿನ ಚೀಲಗಳನ್ನು ಒಟ್ಟಿಲು ಹಾಕಿದರೆ ಒಳಗಿನವು ಉತ್ತರಿಸುವುದು ಕಷ್ಟ ಎಂದು, ಇದೇ ನೀರಿನ ಕಾರಣ ಕೊಟ್ಟು, ಉತ್ತರಿಸಿದೆ.

ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇನ್ನೊಂದು ಗೊಂದಲವಿದೆ. ಕಾಡಾನೆಗಳಿಗೆ ತೊಡಿಸುವ ರೇಡಿಯೋ ಕಾಲರನ್ನೂ ಸಾಕಾನೆಗಳ ಚರ್ಮದಡಿಯ ಚಿಪ್ಪನ್ನೂ ಒಂದೇ ಎಂದು ಭಾವಿಸುವವರಿದ್ದಾರೆ. ಕಾಲರಿಗೆ ತನ್ನದೇ ಬ್ಯಾಟರಿಯಿದೆ. ಉಪಗ್ರಹಗಳಿಂದ ತಾನಿರುವ ಜಾಗವನ್ನು ತಿಳಿದು ಆಗಾಗ ದೂರಕ್ಕೆ ಕಳುಹಿಸುತ್ತದೆ. ಆನೆ ತೋಟದ ಹತ್ತಿರ ಬಂದಿದೆ ಎಂಬ ಎಚ್ಚರಿಕೆ ಜನರ ಮೊಬೈಲಿಗೆ ಬರುವುದು ಅದರಿಂದ. ಬ್ಯಾಟರಿ ಮುಗಿದರೆ ಅದು ಬರೀ ಪಟ್ಟಿ. ಚಿಪ್ ಹಾಗಲ್ಲ, ಅದು ಆನೆ ಎಲ್ಲಿದೆ ಎಂದು ಎಂದೂ ಹೇಳಲಾರದು, ಮೈಗೆ ತಾಗುವಷ್ಟು ಹತ್ತಿರ ರೀಡರ್ ಹಿಡಿದರೆ ಯಾವ ಆನೆ ಎಂದಷ್ಟೇ ಹೇಳುತ್ತದೆ. ಮುಂಜಾನೆ ಕತ್ತಲಲ್ಲಿ ಕಾಫಿ ತೋಟದ ಕೆಲಸಕ್ಕೆ ನಡೆದುಹೋಗುವವರ ಜೀವ ಉಳಿಸಬೇಕಾದದ್ದು ಮೊದಲನೆಯದು. ಎರಡರ ವ್ಯತ್ಯಾಸ ತಿಳಿದಿದ್ದರೆ ಯಾವುದನ್ನು ಕೇಳಬೇಕು ಎಂಬುದೂ ತಿಳಿಯುತ್ತದೆ.

ಉಳಿದ ಬಳಕೆಗಳು ಎಲ್ಲರಿಗೂ ಪರಿಚಿತ. ಬೆಂಗಳೂರಿಗೆ ಹೋದಾಗ ಮೆಟ್ರೋ ದ್ವಾರಕ್ಕೆ ತೋರಿಸುವ ದುಂಡು ಟೋಕನ್, ಹೋಟೆಲಿನ ಕೋಣೆಯ ಕಾರ್ಡು, ಪಿನ್ ಇಲ್ಲದೆ 5,000 ರೂಪಾಯಿಯವರೆಗೆ ಪಾವತಿಸಬಹುದಾದ ಬ್ಯಾಂಕ್ ಕಾರ್ಡು, ರೈಲ್ವೆ ವ್ಯಾಗನ್ನುಗಳ ಪಕ್ಕಕ್ಕೆ ಕೂರಿಸಿದ ಟ್ಯಾಗು. ಕಾರಿನ ಕೀಲಿಯೊಳಗೂ ಒಂದು ಚಿಪ್ ಇರುತ್ತದೆ. ಸಂತೆಪೇಟೆಯಲ್ಲಿ ಉಜ್ಜಿಸಿ ತಂದ ನಕಲಿ ಕೀಲಿಯಿಂದ ಬಾಗಿಲು ತೆರೆದರೂ ಎಂಜಿನ್ ಹೊತ್ತದಿರುವುದು ಅದರಿಂದ. ಇವೆಲ್ಲ ಒಂದೇ ಮಟ್ಟದ ಭದ್ರತೆಯವಲ್ಲ. ಬ್ಯಾಂಕ್ ಕಾರ್ಡಿನ ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಗೂಢಲಿಪಿಯಲ್ಲಿ ಉತ್ತರಿಸುತ್ತದೆ. ಜಗತ್ತಿನಾದ್ಯಂತ ಬಾಗಿಲು ತೆರೆಯಲು, ಪ್ರಯಾಣಕ್ಕೆ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಎಂಬ ಕಾರ್ಡಿನ ಗೂಢಲಿಪಿಯನ್ನು 2008ರ ಹೊತ್ತಿಗೆ ನೆದರ್ಲೆಂಡ್ಸಿನ ನೈಮೇಗನ್ ವಿಶ್ವವಿದ್ಯಾಲಯದವರೂ ಸೇರಿ ಸಂಶೋಧಕರು ಭೇದಿಸಿ ತೋರಿಸಿದ್ದರು. ಗ್ರಂಥಾಲಯದ ಟ್ಯಾಗಿಗಂತೂ ಸಾಮಾನ್ಯವಾಗಿ ಬೀಗವೇ ಇಲ್ಲ. ಎನ್‌ಎಫ್‌ಸಿ ಎಂಬ, ಹತ್ತಿರದ ಟ್ಯಾಗನ್ನು ಓದುವ ಸೌಲಭ್ಯ ಇರುವ ಮೊಬೈಲಿನಿಂದ ಯಾರು ಬೇಕಾದರೂ ಅದನ್ನು ಓದಬಹುದು. ಆದ್ದರಿಂದಲೇ ನಮ್ಮ ಟ್ಯಾಗುಗಳಲ್ಲಿ ಪುಸ್ತಕದ ಹೆಸರನ್ನಾಗಲಿ ಓದುಗರ ವಿವರವನ್ನಾಗಲಿ ಬರೆಯದೆ, ಪರಿಗ್ರಹಣ ಸಂಖ್ಯೆಯನ್ನು ಮಾತ್ರ ಬರೆದಿದ್ದೇವೆ.

ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಹಾಕುವ ಟ್ಯಾಗಿನ ಗುರುತುಚೀಟಿಯ ಬಗ್ಗೆ ಮಾತ್ರ ನನಗೆ ಅಳುಕಿದೆ. ಮಗು ಗೇಟು ದಾಟಿತು ಎಂಬ ಸಂದೇಶ ತಾಯಿಗೆ ಬರುತ್ತದೆ. ನಿಜವಾಗಿ ಗೇಟು ದಾಟಿದ್ದು ಚೀಟಿ. ಒಬ್ಬ ಹುಡುಗ ಗೆಳೆಯನ ಚೀಟಿಯನ್ನೂ ತನ್ನ ಜೇಬಿನಲ್ಲಿಟ್ಟುಕೊಂಡು ನಡೆದರೆ ಇಬ್ಬರೂ ಹಾಜರು. ತರಗತಿಯಲ್ಲಿ ಹೆಸರು ಕರೆದು, ಮುಖ ನೋಡಿ, 'ಯಾಕೆ ಇವತ್ತು ಮಂಕಾಗಿದ್ದೀಯ' ಎಂದು ಕೇಳುವ ಮೇಷ್ಟರ ಹಾಜರಿಯನ್ನು ಇದಕ್ಕಾಗಿ ಬಿಡಬಾರದು ಎಂದು ಪೋಷಕರ ಸಭೆಯೊಂದರಲ್ಲಿ ಎದ್ದುನಿಂತು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಕಡತದ ಮಾತು ಬಂದಾಗ ನನ್ನ ಮೇಜಿನ ಮೇಲಿನ ಕಡತವನ್ನೂ ನೋಡಬೇಕಲ್ಲವೇ? ಮೊದಲೆಲ್ಲ ಪುಸ್ತಕದ ಕೊನೆಯಲ್ಲಿ ದಿನಾಂಕದ ಚೀಟಿ ಇರುತ್ತಿತ್ತು; ಪುಸ್ತಕ ಹಿಂದಿರುಗಿದರೆ ಓದುಗರ ಕಾರ್ಡು ಅವರ ಕೈಸೇರಿ, ಅಲ್ಲಿಗೆ ಆ ಸಂಬಂಧ ಮುಗಿಯುತ್ತಿತ್ತು. ಈಗ ಯಾವ ವಿದ್ಯಾರ್ಥಿ ಯಾವ ದಿನ ಯಾವ ಪುಸ್ತಕ ಒಯ್ದರು ಎಂಬುದು ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಖಾಯಿಲೆಯ ಬಗ್ಗೆ, ಮದುವೆಯ ಕಾನೂನಿನ ಬಗ್ಗೆ, ಮನಸ್ಸಿನ ಖಿನ್ನತೆಯ ಬಗ್ಗೆ ಪುಸ್ತಕ ಒಯ್ದವರೂ ಅದರಲ್ಲಿದ್ದಾರೆ. ಕೇಳುವವರು ಇದುವರೆಗೆ ಯಾರೂ ಬಂದಿಲ್ಲ, ಆದರೆ ಬಂದ ಮೇಲೆ ಯೋಚಿಸುವ ವಿಷಯ ಇದಲ್ಲ. ನಮ್ಮ ಗ್ರಂಥಾಲಯ ಸಮಿತಿಯ ಮುಂದೆ ಇದನ್ನಿಟ್ಟಾಗ ಎಲ್ಲರೂ ಒಪ್ಪಿದರು: ಪುಸ್ತಕ ಹಿಂದಿರುಗಿ, ಶೈಕ್ಷಣಿಕ ವರ್ಷ ಮುಗಿದು, ಬಾಕಿ ತೀರಿದ ಮೇಲೆ ಓದುಗರ ಹೆಸರನ್ನು ಆ ನಮೂದಿನಿಂದ ತೆಗೆಯಬೇಕು. ತಂತ್ರಾಂಶದಲ್ಲಿ ಅದಕ್ಕೆ ಅವಕಾಶವಿತ್ತು, ನಾವು ಬಳಸಿರಲಿಲ್ಲ.

ಕಳೆದ ಶನಿವಾರ ಗ್ರಂಥಾಲಯ ಮುಚ್ಚಿದ ಮೇಲೆ ಸಹೋದ್ಯೋಗಿಯೊಬ್ಬರೊಂದಿಗೆ ಕುಳಿತು, ಮೊದಲು ಪ್ರತಿ ತೆಗೆದಿಟ್ಟು ಪರೀಕ್ಷಿಸಿ, ಆಮೇಲೆ ಹಳೆಯ ವರ್ಷಗಳ ನಮೂದುಗಳಿಂದ ಹೆಸರುಗಳನ್ನು ಅಳಿಸಿದೆವು. ಎಲ್ಲವೂ ಸರಿಯಿದೆಯೆಂದು ಖಚಿತವಾದ ಬಳಿಕ ಆ ಪ್ರತಿಯನ್ನೂ ಅಳಿಸಿದೆವು. ಯಾವ ಪುಸ್ತಕ ಎಷ್ಟು ಬಾರಿ ಹೊರಗೆ ಹೋಗಿದೆ ಎಂಬ ಲೆಕ್ಕ ಹಾಗೆಯೇ ಉಳಿದಿದೆ. ಹೊಸ ಪ್ರತಿ ತರಿಸಲು ನಮಗೆ ಬೇಕಾದದ್ದು ಅಷ್ಟೇ. ಮುಂದಿನ ವಾರ ಎರಡನೆಯ ಮಹಡಿಯ ನಿಯತಕಾಲಿಕಗಳ ಸಂಪುಟಗಳಿಗೆ ಟ್ಯಾಗು ಅಂಟಿಸಲು ಆರಂಭಿಸುತ್ತೇವೆ, ಒಂದು ಮೇಲೆ, ಒಂದು ನಡುವೆ, ಒಂದು ಕೆಳಗೆ.